ಬರ್ಲಿ ಅಂದವರ ಕುಂಬಳಕಾಯಿ

ಆಂಡಾಳಮ್ಮನವರೂ ನಾನೂ ಪಕ್ಕಪಕ್ಕ ಕೂತು ಬರೆದಿರುವ ಕ್ರಿಕೆಟ್ ಪಂದ್ಯಗಳು ಎರಡು ಸಾವಿರದ ನೂರ ಹದಿನೆಂಟು. ಈ ಸಂಖ್ಯೆ ನನ್ನದಲ್ಲ, ಅವರದು. ನನ್ನನ್ನು ಕೇಳಿದ್ದರೆ ಸುಮಾರು ಎರಡು ಸಾವಿರ ಅನ್ನುತ್ತಿದ್ದೆ. ಆ ‘ಸುಮಾರು’ ಕೇಳಿದರೆ ಅವರ ಹುಬ್ಬು ಗಂಟಿಕ್ಕುತ್ತದೆ. ನಲವತ್ತೊಂದು ವರ್ಷದಿಂದ ಆ ಹುಬ್ಬನ್ನು ನೋಡಿಕೊಂಡು ಬಂದಿದ್ದೇನೆ, ನನಗೆ ಅಭ್ಯಾಸವಾಗಿದೆ.

ಕ್ರಿಕೆಟ್ ನೋಡುವವರು ಆಟಗಾರರನ್ನು ನೋಡುತ್ತಾರೆ, ಅಂಪೈರನ್ನು ಬೈಯುತ್ತಾರೆ. ಮರದ ಕೆಳಗೆ ಮಡಿಸುವ ಮೇಜಿನ ಮುಂದೆ ಕೂತ ಇಬ್ಬರು ಸ್ಕೋರರುಗಳನ್ನು ಯಾರೂ ಗಮನಿಸುವುದಿಲ್ಲ. ಒಂದೊಂದು ತಂಡಕ್ಕೆ ಒಬ್ಬರು. ಪ್ರತಿ ಓವರ್ ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಪುಸ್ತಕ ತಾಳೆ ನೋಡಬೇಕು, ಕೊನೆಯಲ್ಲಿ ಎರಡೂ ಪುಸ್ತಕಕ್ಕೆ ಇಬ್ಬರೂ ಸಹಿ ಹಾಕಬೇಕು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಎನ್.ಆರ್. ಕಾಲೋನಿಯವನು, ಎಲ್ಲರೂ ಶೀನಣ್ಣ ಅನ್ನುತ್ತಾರೆ. ಆಂಡಾಳಮ್ಮ ಚಾಮರಾಜಪೇಟೆ ಐದನೇ ಮೇನಿನವರು, ಶಾಲೆಯಲ್ಲಿ ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಅವರ ಯಜಮಾನರಿಗೆ ಓವರಿಗೆ ಎಷ್ಟು ಚೆಂಡು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಫ್ಲಾಸ್ಕಿಗೆ ಕಾಫಿ ತುಂಬಿ ಕೊಡುವುದನ್ನು ಅವರು ಒಂದು ದಿನವೂ ತಪ್ಪಿಸಿಲ್ಲ.

ಆಂಡಾಳಮ್ಮನ ಚೀಲದಲ್ಲಿ ಮೂರು ಬಣ್ಣದ ಪೆನ್ನು, ಒಂದು ಸ್ಕೇಲು, ಒಂದು ಪೆನ್ಸಿಲು ಇರುತ್ತವೆ. ರಬ್ಬರ್ ಇರುವುದಿಲ್ಲ. ತಪ್ಪು ಬರೆದರೆ ಅದಕ್ಕೊಂದು ಸುತ್ತು ಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ನನ್ನ ಸಹಿ ಪಡೆಯುತ್ತಾರೆ. ಎಣಿಸುವುದು ಅವರಿಗೆ ಒಂದು ಚಟ. ಮದುವೆ ಮನೆಗೆ ಹೋದರೆ ಫೋಟೋಗ್ರಾಫರು ಹೆಣ್ಣನ್ನು ಎಷ್ಟು ಸಲ ತಿರುಗಿ ನಿಲ್ಲಿಸಿದ ಅಂತ ಲಗ್ನಪತ್ರಿಕೆಯ ಹಿಂದೆ ಗೆರೆ ಎಳೆದುಕೊಳ್ಳುತ್ತಾರೆ. ಯಾಕ್ರೀ ಅಂದರೆ, "ಗೊತ್ತಾಗ್ಲಿ ಅಂತ" ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಅವರಿಗೆ ಬೇಕಿಲ್ಲ.

ಆ ಪೆನ್ಸಿಲಿನ ಕತೆ ಬೇರೆ. ಕ್ರಿಕೆಟ್ ಪುಸ್ತಕದಲ್ಲಿ ಕೈಬಿಟ್ಟ ಕ್ಯಾಚಿಗೆ ಜಾಗವಿಲ್ಲ. ಬೌಲರ್ ಒಳ್ಳೆಯ ಚೆಂಡು ಹಾಕಿ, ಬ್ಯಾಟ್ಸ್‌ಮನ್ ಎಡವಿ, ಚೆಂಡು ಸೀದಾ ಫೀಲ್ಡರಿನ ಕೈಗೆ ಹೋಗಿ, ಅವನು ಅದನ್ನು ನೆಲಕ್ಕೆ ಹಾಕಿದರೆ, ಪುಸ್ತಕದಲ್ಲಿ ಬರುವುದು ಬರೀ ಒಂದು ಚುಕ್ಕೆ, ಇಲ್ಲವೇ ಬೌಲರ್ ಕೊಟ್ಟ ಒಂದು ರನ್. ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಆಂಡಾಳಮ್ಮ ಕಾಲೇಜು ಹುಡುಗಿಯರ ತಂಡಕ್ಕೆ ಮೊದಲ ಸಲ ಸ್ಕೋರ್ ಬರೆಯಲು ಕೂತಾಗ ಯಶೋಧರಾ ಅಂತ ಅವರ ಗೆಳತಿ ಎಡಗೈ ಸ್ಪಿನ್ ಹಾಕುತ್ತಿದ್ದಳು. ಆ ವರ್ಷ ಅವಳ ಬೌಲಿಂಗಿನಲ್ಲಿ ಹನ್ನೊಂದು ಕ್ಯಾಚು ನೆಲಕ್ಕೆ ಬಿದ್ದವು. ಪುಸ್ತಕ ಹೇಳಿದ್ದು ಎರಡೇ ವಿಕೆಟ್. ಮುಂದಿನ ವರ್ಷ ತಂಡದಲ್ಲಿ ಅವಳ ಹೆಸರಿರಲಿಲ್ಲ. ಬಿದ್ದ ಕ್ಯಾಚುಗಳನ್ನು ಎಲ್ಲಾದರೂ ಒಂದು ಕಡೆ ಬರೆಯೋಣವೇ ಅಂತ ಆಂಡಾಳಮ್ಮ ಪಕ್ಕದ ಸ್ಕೋರರನ್ನು ಕೇಳಿದ್ದರಂತೆ. "ಅದಕ್ಕೆ ಕಾಲಂ ಇಲ್ಲ ಕಣ್ರೀ, ಬಿಡಿ" ಅಂದುಬಿಟ್ಟನಂತೆ ಆ ಮನುಷ್ಯ. ಅಂದಿನಿಂದ ಅವರು ತಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ, ಬಿದ್ದ ಪ್ರತಿ ಕ್ಯಾಚಿಗೂ ಒಂದು ಗುರುತು ಹಾಕುತ್ತಾ ಬಂದಿದ್ದಾರೆ. ಆ ಪಕ್ಕದ ಸ್ಕೋರರ್ ಯಾರು ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅವಸರವಿಲ್ಲ.

ಕಳೆದ ನವೆಂಬರಿನಲ್ಲಿ ಒಂದು ಶನಿವಾರ ಬಸವನಗುಡಿಯ ಕಾಲೇಜು ಮೈದಾನದಲ್ಲಿ ನಮ್ಮ ಪಂದ್ಯ ಮುಗಿದು ಮೇಜು ಮಡಿಸುತ್ತಿದ್ದೆವು. ಗೌರೀಶ್ ಬಂದ. ಅವನು ಅಲ್ಲಿಯ ವ್ಯಾಯಾಮದ ಮೇಷ್ಟ್ರು, ಒಂದು ಕಾಲದಲ್ಲಿ ಆಂಡಾಳಮ್ಮನ ತರಗತಿಯಲ್ಲಿ ಬೀಜಗಣಿತ ಕಂಡರೆ ಬೆವರುತ್ತಿದ್ದ ಹುಡುಗ.

"ಮಿಸ್, ನಮ್ ಹುಡ್ಗೀರ ಟೂರ್ನಮೆಂಟಿದೆ. ನಾಲ್ಕೇ ಮ್ಯಾಚು. ಸ್ಕೋರ್ ಬರ್ಕೊಡ್ತೀರಾ?"

"ಯಾವ ಆಟನೋ?"

"ಫ್ಲ್ಯಾಗ್ ಫುಟ್‌ಬಾಲ್ ಮಿಸ್. ಅಮೆರಿಕದವ್ರು ಆಡ್ತಾರಲ್ಲ, ಅದೇ. ಆದ್ರೆ ಮೈಮೇಲೆ ಬೀಳೋದು, ಗುದ್ದೋದು ಇಲ್ಲ."

"ಒದೆಯೋದು ಇದೆಯೋ?" ಅಂದೆ ನಾನು.

"ಇಲ್ಲ ಸಾರ್, ಕೈಲಿ ಎಸೆಯೋದು."

"ಕೈಲಿ ಎಸೆಯೋದಕ್ಕೆ ಫುಟ್‌ಬಾಲ್ ಅಂತ ಯಾಕಪ್ಪ ಹೆಸರು?"

ಆಂಡಾಳಮ್ಮ ಆಗಲೇ ಚೀಲದಿಂದ ಪೆನ್ನು ತೆಗೆದಾಗಿತ್ತು. ತಮಗೆ ಬರೆಯಲು ಬಾರದ ಆಟವೊಂದು ಇದೇ ಊರಿನಲ್ಲಿ ನಡೆಯುತ್ತಿದೆ ಅಂದರೆ ಅವರಿಗೆ ಊಟ ಸೇರುವುದಿಲ್ಲ.

ಆಟ ಕಷ್ಟದ್ದೇನಲ್ಲ. ಒಂದು ತಂಡಕ್ಕೆ ಐದು ಜನ. ಚೆಂಡು ಎಳೆ ಹಲಸಿನಕಾಯಿಯ ಆಕಾರದ್ದು. ಒಬ್ಬಳು ನಿಂತು ಎಸೆಯುತ್ತಾಳೆ, ಅವಳಿಗೆ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ. ಉಳಿದವರು ಓಡುತ್ತಾ ಹಿಡಿಯುತ್ತಾರೆ, ಹಿಡಿದ ಮೇಲೂ ಓಡುತ್ತಾರೆ. ಎಲ್ಲರ ಸೊಂಟದಲ್ಲೂ ರಿಬ್ಬನ್ ಜೋತಾಡುತ್ತಿರುತ್ತದೆ. ಎದುರಿನವರು ಆ ರಿಬ್ಬನ್ ಕಿತ್ತರೆ ಓಟ ಅಲ್ಲಿಗೆ ಮುಗಿಯಿತು. ಮೈದಾನದ ಕೊನೆಯ ಗೆರೆ ದಾಟಿದರೆ ಆರು ಅಂಕ.

ಮೊದಲ ಪಂದ್ಯದಲ್ಲಿ ನಾವಿಬ್ಬರೂ ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ನಮ್ಮಲ್ಲಿದ್ದದ್ದು ಕ್ರಿಕೆಟ್ ಪುಸ್ತಕ. ಎಸೆಯುವವಳು ಬೌಲರ್ ತಾನೆ ಅಂತ ನಮ್ಮ ಕ್ವಾರ್ಟರ್‌ಬ್ಯಾಕ್ ಹುಡುಗಿಯನ್ನು ಬೌಲಿಂಗ್ ಕಡೆ ಬರೆದೆವು. ಅವಳು ಎಸೆದದ್ದನ್ನು ಎದುರಾಳಿ ಹಿಡಿದಾಗೆಲ್ಲ, ಹಿಡಿದರೆ ಔಟು ಅಂತ, ವಿಕೆಟ್ ಕಾಲಮ್ಮಿನಲ್ಲಿ ಹಾಕಿದೆವು. ಅರ್ಧ ಆಟಕ್ಕೆ ಗೌರೀಶ್ ಬಂದು ಪುಸ್ತಕ ಇಣುಕಿದ. ಅವನು ಕುಡಿಯುತ್ತಿದ್ದ ನೀರು ಮೂಗಿಗೆ ಹೋಯಿತು. "ಮಿಸ್, ಎದುರಿನೋರು ಹಿಡಿದ್ರೆ ಅದು ನಮಗೆ ದೊಡ್ಡ ನಷ್ಟ! ನೀವು ಅವಳಿಗೆ ಎರಡು ವಿಕೆಟ್ ಕೊಟ್ಟಿದೀರಲ್ಲ!" ಆಂಡಾಳಮ್ಮ ನಾಚಿಕೊಂಡರು. ಆಮೇಲೆ ಎರಡಕ್ಕೂ ಸುತ್ತು ಹಾಕಿ ನನ್ನ ಸಹಿ ಪಡೆದರು.

ಆ ಹುಡುಗಿಯ ಹೆಸರು ಬಿಂದು. ಬಿ.ಕಾಂ. ಎರಡನೇ ವರ್ಷ. ಅವರಪ್ಪ ಮರಿಯಣ್ಣನಿಗೆ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ಉದ್ದ ಕೈ, ಕಡಿಮೆ ಮಾತು. ಅವಳ ಎಸೆತ ನೋಡಿದರೆ ನನ್ನಂಥ ಸಿಡುಕನಿಗೂ ಖುಷಿಯಾಗುತ್ತಿತ್ತು. ಚೆಂಡು ಅಲ್ಲಾಡದೆ ಸೀದಾ ಹೋಗುತ್ತಿತ್ತು. ಆದರೆ ಹೋದಲ್ಲಿ ಅರ್ಧಕ್ಕರ್ಧ ನೆಲಕ್ಕೆ ಬೀಳುತ್ತಿತ್ತು.

ಮೂರು ಪಂದ್ಯ ಮುಗಿದಾಗ ಗೌರೀಶ್ ವಿಷಯ ಬಿಡಿಸಿ ಹೇಳಿದ. ರಾಜ್ಯ ತಂಡದ ಶಿಬಿರಕ್ಕೆ ಕಾಲೇಜಿನಿಂದ ಒಬ್ಬ ಕ್ವಾರ್ಟರ್‌ಬ್ಯಾಕಿನ ಹೆಸರು ಕಳಿಸಬಹುದು. ನಾಲ್ಕು ಪಂದ್ಯ ಸೇರಿ ಅವಳ ಪಾಸರ್ ರೇಟಿಂಗ್ ಅರವತ್ತು ದಾಟಿರಬೇಕು ಅಂತ ಅವನೇ ನಿಯಮ ಮಾಡಿದ್ದ. ಸ್ಕೋರರ್ ಸಹಿ ಮಾಡಿದ ಫಾರಂ ಮುಂದಿನ ಭಾನುವಾರ ಸಂಜೆಯೊಳಗೆ ಹೋಗಬೇಕು. ದಾಟದಿದ್ದರೆ ಈ ವರ್ಷ ಯಾರ ಹೆಸರೂ ಇಲ್ಲ.

"ಅದೇನದು ರೇಟಿಂಗು?" ಅಂದರು ಆಂಡಾಳಮ್ಮ.

"ಮೊಬೈಲಲ್ಲಿ ಹಾಕಿದ್ರೆ ಅದೇ ಹೇಳುತ್ತೆ ಮಿಸ್."

"ಮೊಬೈಲ್ ಹೇಳೋದು ಬೇಡ. ಸೂತ್ರ ಹೇಳು."

ಸೂತ್ರ ಸಿಕ್ಕಿತು. ನಾಲ್ಕು ಬಾಬ್ತು. ಎಸೆದದ್ದರಲ್ಲಿ ಎಷ್ಟು ಪಾಲನ್ನು ನಮ್ಮವರು ಹಿಡಿದರು, ಒಂದು ಎಸೆತಕ್ಕೆ ಸರಾಸರಿ ಎಷ್ಟು ಗಜ ಮುಂದೆ ಹೋದರು, ಎಷ್ಟು ಸಲ ಗೆರೆ ದಾಟಿ ಆರು ಅಂಕ ಬಂತು, ಎಷ್ಟನ್ನು ಎದುರಿನವರು ಕಸಿದರು. ನಾಲ್ಕನ್ನೂ ಕೂಡಿ, ಭಾಗಿಸಿ, ಗುಣಿಸಿದರೆ ಒಂದು ಸಂಖ್ಯೆ. ಅತಿ ಹೆಚ್ಚು ಅಂದರೆ ನೂರ ಐವತ್ತೆಂಟು ಪಾಯಿಂಟ್ ಮೂರು.

"ನೂರಕ್ಕೆ ನೂರು ಬಿಟ್ಟು ಇದ್ಯಾವ ಊರಿನ ಮಾರ್ಕ್ಸ್ ಕಾರ್ಡು?" ಅಂತ ನಾನು ರೇಗಿದೆ. ಆಂಡಾಳಮ್ಮನಿಗೆ ಮಾತ್ರ ಹಬ್ಬ. ಅವರ ಮನೆಯ ಜಗಲಿಯಲ್ಲಿ ಕೂತು, ಯಾರದೋ ಗೃಹಪ್ರವೇಶದ ಆಮಂತ್ರಣದ ಹಿಂದೆ ಆ ಸೂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಬ್ಬಳು ಬೇಕೆಂದೇ ಎಲ್ಲ ಚೆಂಡನ್ನೂ ನೆಲಕ್ಕೆ ಎಸೆದರೆ ಎಷ್ಟು ಬರುತ್ತೆ ಅನ್ನುವುದು ಅವರ ಮೊದಲ ಪ್ರಶ್ನೆ. ಇಂಥ ಪ್ರಶ್ನೆ ಅವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು.

"ಮೂವತ್ತೊಂಬತ್ತು ಪಾಯಿಂಟ್ ಆರು!" ಅಂದರು, ಕಣ್ಣರಳಿಸಿ. "ಎದುರಿನೋರು ಹಿಡೀಲಿಲ್ಲ ಅನ್ನೋ ಒಂದೇ ಪುಣ್ಯಕ್ಕೆ ಅಷ್ಟು ಬರುತ್ತೆ ಶೀನಣ್ಣ. ಈಗ ಬಿಂದುದು ನೋಡೋಣ."

ಎಪ್ಪತ್ತೈದು ಎಸೆತ. ನಮ್ಮವರು ಹಿಡಿದದ್ದು ಮೂವತ್ತಮೂರು. ಎದುರಿನವರು ಕಸಿದದ್ದು ಆರು. ಮುನ್ನೂರ ಮೂವತ್ತು ಗಜ. ಗೆರೆ ದಾಟಿದ್ದು ಎರಡೇ ಸಲ. ರೇಟಿಂಗ್ ಮೂವತ್ತೆರಡು ಪಾಯಿಂಟ್ ಆರು.

"ಅಂದ್ರೆ ಈ ಹುಡುಗಿ ಎಪ್ಪತ್ತೈದು ಸಲನೂ ಚೆಂಡನ್ನ ತನ್ನ ಕಾಲ ಬುಡಕ್ಕೆ ಹಾಕಿ ಮನೆಗೆ ಹೋಗಿದ್ರೆ ಇದಕ್ಕಿಂತ ಏಳು ಜಾಸ್ತಿ ಬರ್ತಿತ್ತು" ಅಂದರು ಆಂಡಾಳಮ್ಮ. "ಇದು ಹೇಗೆ ಸರಿ?"

ಸರಿಯಿಲ್ಲ ಅನ್ನುವುದಕ್ಕೆ ಅವರ ಬಳಿ ಪುರಾವೆಯೂ ಇತ್ತು. ಹಳೆಯ ಚಟ ಬಿಡದೆ ಇಲ್ಲೂ ಪೆನ್ಸಿಲಿನ ಗುರುತು ಹಾಕುತ್ತಾ ಬಂದಿದ್ದರು. ನಮ್ಮ ಹುಡುಗಿಯರ ಎರಡೂ ಕೈಗೆ ತಗುಲಿ ಜಾರಿದ್ದು ಇಪ್ಪತ್ತು. ಅದರಲ್ಲಿ ಹದಿನೇಳು ನೆಲಕ್ಕೆ ಬಿದ್ದವು, ಮೂರು ಪುಟಿದು ಎದುರಾಳಿಯ ಕೈಸೇರಿದವು. ಆ ಇಪ್ಪತ್ತನ್ನೂ ಹಿಡಿದಿದ್ದರೆ ಅಂತ ಇನ್ನೊಮ್ಮೆ ಲೆಕ್ಕ ಹಾಕಿದರು. ಎಪ್ಪತ್ತೇಳು ಬಂತು. ಅವರ ಮುಖ ನೋಡಿದರೆ ತಾವೇ ಎಸೆದು ಗೆದ್ದ ಹಾಗಿತ್ತು.

ಮರುದಿನ ಅಭ್ಯಾಸದ ಹೊತ್ತಿಗೆ ನಾವಿಬ್ಬರೂ ಮೈದಾನಕ್ಕೆ ಹೋದೆವು. ಬಿಂದು ತಾನಾಗಿಯೇ ಬಂದು ಎದುರು ನಿಂತಳು.

"ಮಿಸ್, ಒಂದ್ ಕೇಳ್ಲಾ? ಅವ್ರ ಕೈಗೆ ತಗುಲಿ ಬೀಳುತ್ತಲ್ಲ, ಅದೂ ನನ್ ಹೆಸರಿಗೇನಾ?"

"ಈ ಸೂತ್ರದಲ್ಲಿ ಹೌದಮ್ಮ. ಆದ್ರೆ ಅದನ್ನೆಲ್ಲ ಅವ್ರು ಹಿಡಿದಿದ್ರೆ ನಿಂದು ಎಪ್ಪತ್ತೇಳು" ಅಂದುಬಿಟ್ಟರು ಆಂಡಾಳಮ್ಮ, ತಡೆಯಲಾರದೆ.

ಹುಡುಗಿಯ ಮುಖ ಅರಳಿತು. "ನಂಗೊತ್ತಿತ್ತು ಮಿಸ್! ನಮ್ ಮಂಡೀಲಿ ಹಿಂಗ್ ಮಾಡಲ್ಲ. ಲಾರಿಯಿಂದ ಕುಂಬಳಕಾಯಿ ಇಳಿಸ್ವಾಗ ಯಾರ್ ಕೈಯಿಂದ ಬಿತ್ತು ಅಂತ ನೋಡಿ, ಅವ್ರ ಹೆಸರಿಗೇ ಹಾಕೋದು."

ಆಂಡಾಳಮ್ಮನ ಪೆನ್ನು ನಿಂತಿತು. "ಯಾರ ಕೈಯಿಂದ ಅಂತ ಹೇಗೆ ತೀರ್ಮಾನ ಮಾಡ್ತಾರೆ?"

"ಬಂದು ನೋಡಿ ಮಿಸ್."

ಬುಧವಾರ ಬೆಳಿಗ್ಗೆ ಆರಕ್ಕೆ ನನ್ನನ್ನೂ ಎಬ್ಬಿಸಿಕೊಂಡು ಹೊರಟರು. ಕಲಾಸಿಪಾಳ್ಯದಲ್ಲಿ ಆ ಹೊತ್ತಿಗೆ ಕಾಲಿಡಲು ಜಾಗವಿಲ್ಲ. ಕೊತ್ತಂಬರಿ ಸೊಪ್ಪಿನ ಮೇಲೆ ನಡೆದುಕೊಂಡೇ ಮಂಡಿ ತಲುಪಿದೆವು. ಮರಿಯಣ್ಣ ನಮಗೆ ಎರಡು ಖಾಲಿ ಕ್ರೇಟು ಬೋರಲು ಹಾಕಿ, ಟೀ ತರಿಸಿದರು. ಲಾರಿಯ ಮೇಲೆ ಮುತ್ತುರಾಜ್ ಅಂತ ಹಳೆಯ ಹಮಾಲಿ. ಕೆಳಗೆ ಮೂರು ಜನ ಸಾಲಾಗಿ ನಿಂತಿದ್ದರು. ಸಿಹಿಗುಂಬಳಕಾಯಿ ಒಂದೊಂದೇ ಕೈಯಿಂದ ಕೈಗೆ ಹಾರುತ್ತಾ ಅಂಗಡಿಯ ಒಳಗೆ ಹೋಗುತ್ತಿತ್ತು. ಪ್ರತಿಯೊಂದಕ್ಕೂ ಒಂದು ದನಿ: "ಬರ್ಲಿ." "ಬರ್ಲಿ." "ಬರ್ಲಿ."

"ಹಿಡಿಯೋನು ಬರ್ಲಿ ಅನ್ಬೇಕಮ್ಮ" ಅಂದರು ಮರಿಯಣ್ಣ. "ಅಂದ್ಮೇಲೆ ಬಿದ್ರೆ ಅವನ್ದು. ಅನ್ನೋಕ್ ಮುಂಚೆ ಎಸೆದ್ರೆ, ಎಸ್ದೋನ್ದು. ನಮ್ ತಾತನ್ ಕಾಲದಿಂದ ಹಿಂಗೇ."

"ಬಿದ್ದದ್ದನ್ನ ಏನ್ ಮಾಡ್ತೀರಿ?"

"ತಪ್ಪು ಯಾರ್ದೋ ಅವ್ರ ಮನೆಗೇ ಹೋಗುತ್ತೆ. ಒಡೆದಿರೋ ಕಾಯಿ ಹೊತ್ಕೊಂಡು ಹೋದ್ರೆ ಹೆಂಡ್ತೀನೇ ಕೇಳ್ತಾಳೆ, ಇವತ್ತ್ ನಿಮ್ದಾ ಅಂತ. ಅದಕ್ಕಿಂತ ಶಿಕ್ಷೆ ಬೇಕಾ?"

ನಾನು ಜೋರಾಗಿ ನಕ್ಕೆ. ಆಂಡಾಳಮ್ಮ ನಗಲಿಲ್ಲ, ಬರೆದುಕೊಂಡರು. ಅಷ್ಟರಲ್ಲಿ ಬಿಂದು ಸಲ್ವಾರಿನ ತೋಳು ಮಡಿಸಿ ಸಾಲಿಗೆ ಸೇರಿದಳು. ಎಂಟು ವರ್ಷದವಳಿದ್ದಾಗಿನಿಂದ ರಜೆಯಲ್ಲಿ ಇದೇ ಕೆಲಸವಂತೆ, ಮೊದಲು ನಿಂಬೆಹಣ್ಣಿನ ಚೀಲ, ಆಮೇಲೆ ಎಲೆಕೋಸು, ಈಗ ಕುಂಬಳ. ಮುತ್ತುರಾಜ್ ಕೆಳಗಿಳಿದು ಅವಳೆದುರು ಹತ್ತಡಿ ದೂರ ನಿಂತ. ಅವಳು ಎಸೆದಳು, ಅವನು ಹಿಡಿದ. ಎಸೆದಳು, ಹಿಡಿದ. ಅವನು ಅರ್ಧ ಸಲ ಅವಳ ಕಡೆ ನೋಡುತ್ತಲೂ ಇರಲಿಲ್ಲ. ಒಂದೂ ಬೀಳಲಿಲ್ಲ.

"ಮುತ್ತುರಾಜ್ ಅವ್ರೇ, ನೀವು ಬರ್ಲಿ ಅನ್ನಲೇ ಇಲ್ಲ" ಅಂದರು ಆಂಡಾಳಮ್ಮ.

"ಈ ಮಗೂಗೆ ನಾನ್ ಯಾವತ್ತೂ ಅನ್ನಲ್ಲಮ್ಮ" ಅಂದ ಅವನು, ಹೆಮ್ಮೆಯಿಂದ. "ಹನ್ನೆರಡ್ ವರ್ಷ ಆಯ್ತು. ಅವ್ಳ್ ಕೈ ನಂಗೊತ್ತು."

ಮನೆಗೆ ಬಂದವರೇ ಆಂಡಾಳಮ್ಮ ಗೌರೀಶನಿಂದ ಮೂರೂ ಪಂದ್ಯದ ವಿಡಿಯೋ ತರಿಸಿಕೊಂಡರು. ಅವನು ಕೊನೆಯ ಗೆರೆಯ ಹಿಂದೆ ಮೊಬೈಲ್ ನಿಲ್ಲಿಸಿ ಎಲ್ಲವನ್ನೂ ಹಿಡಿದಿಟ್ಟಿದ್ದ. ಜಗಲಿಯಲ್ಲಿ ಕೂತು, ಕೈಗೆ ತಗುಲಿ ಬಿದ್ದ ಆ ಇಪ್ಪತ್ತನ್ನೂ ಒಂದೊಂದಾಗಿ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಚೆಂಡು ಬಿಂದುವಿನ ಕೈಬಿಟ್ಟ ಗಳಿಗೆಯಲ್ಲಿ ಹಿಡಿಯುವವಳ ಮುಖ ಎತ್ತ ಇದೆ? ಇದೊಂದೇ ಪ್ರಶ್ನೆ.

ಹದಿನಾಲ್ಕು ಸಲ ಹಿಡಿಯುವವಳು ಇನ್ನೂ ಬೆನ್ನು ಹಾಕಿ ಓಡುತ್ತಿದ್ದಳು. ತಿರುಗುವಷ್ಟರಲ್ಲಿ ಚೆಂಡು ಕೈಗೆ ಬಂದು ಬಡಿದಿತ್ತು. ನೋಡಿಯೂ ಕೈಬಿಟ್ಟದ್ದು ಆರೇ ಆರು.

ಮಂಡಿಯ ನ್ಯಾಯದಲ್ಲಿ ಹದಿನಾಲ್ಕು ಕುಂಬಳಕಾಯಿ ಬಿಂದುವಿನ ಮನೆಗೇ ಹೋಗಬೇಕು. ಮುತ್ತುರಾಜನಿಗೆ ಎಸೆದ ಹಾಗೆ ಅವಳು ಎಲ್ಲರಿಗೂ, ಬರ್ಲಿಗೆ ಕಾಯದೆ, ಎಸೆಯುತ್ತಿದ್ದಳು. ಆ ಆರನ್ನು ಮಾತ್ರ ಹಿಡಿದಿದ್ದರೆ ಅಂತ ಲೆಕ್ಕ ಹಾಕಿದರೆ ನಲವತ್ತಾರೂವರೆ.

"ಸೂತ್ರ ಅನ್ಯಾಯ ಮಾಡಿದ್ದು ನಿಜ" ಅಂದರು ಆಂಡಾಳಮ್ಮ, ಕನ್ನಡಕ ತೆಗೆದು. "ಆದ್ರೆ ನಾನು ಹೇಳಿದ ಎಪ್ಪತ್ತೇಳೂ ಸುಳ್ಳು ಶೀನಣ್ಣ."

"ಯಾರಿಗೆ ಬೇಕಾಗಿದೆ ಈ ಹದಿನಾಲ್ಕು? ಯಾರಾದ್ರೂ ಕೇಳಿದ್ರಾ?" ಅಂತ ನಾನು ರೇಗಿದೆ. "ಆಸೆ ಹುಟ್ಟಿಸಿದ್ದು ನೀವು. ಈಗ ಭಾನುವಾರ ಮ್ಯಾಚ್ ಇಟ್ಕೊಂಡು ಆ ಹುಡುಗಿ ಮನಸ್ಸು ಮುರೀತೀರಾ?"

"ಅವಳಿಗೆ ಬೇಕಾಗಿದೆ. ಅವಳು ಕೇಳಿದ್ಲು, ತನ್ನ ಹೆಸರಿಗೇನಾ ಅಂತ."

ಅಂದು ಸಂಜೆಯೇ ಹೋಗಿ ಹೇಳಿದರು, ವಿಡಿಯೋ ತೋರಿಸಿ, ಒಂದೊಂದನ್ನೂ. ಬಿಂದು ನೋಡುತ್ತಾ ನೋಡುತ್ತಾ ಕೆಂಪಾದಳು. "ಮೊನ್ನೆ ಹಂಗಂದ್ರಿ, ಇವತ್ತು ಹಿಂಗಂತೀರಿ" ಅಂದು ಚೀಲ ಎತ್ತಿಕೊಂಡು ನಡೆದುಬಿಟ್ಟಳು. ಅವಳ ಹಿಂದೆಯೇ ಸಾನ್ವಿ ಓಡಿದಳು. ಸಾನ್ವಿ ಆ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗಿ, ಎಲ್ಲರಿಗಿಂತ ಜಾಸ್ತಿ ಕೈಬಿಟ್ಟವಳೂ ಅವಳೇ. ಆಂಡಾಳಮ್ಮನ ಕಣ್ಣಲ್ಲಿ ನೀರಿತ್ತು. ನನಗೆ ಅವರ ಮೇಲೆ ಸಿಟ್ಟೂ ಬಂತು, ಸಂಕಟವೂ ಆಯಿತು. ಉಳಿದ ಮೂರು ದಿನ ಬಿಂದು ನಮ್ಮ ಮೇಜಿನ ಕಡೆ ತಿರುಗಿ ನೋಡಲಿಲ್ಲ.

ಭಾನುವಾರದ ಪಂದ್ಯ ಪುಣೆಯಿಂದ ಬಂದಿದ್ದ ತಂಡದ ಮೇಲೆ. ಮೊದಲ ಎಸೆತಕ್ಕೆ ಬಿಂದು ಕೈ ಹಿಂದಕ್ಕೆ ತೆಗೆದಳು. ಎಸೆಯಲಿಲ್ಲ. ಮೈದಾನದ ಆ ತುದಿಯಿಂದ ಒಂದು ದನಿ ಕೇಳಿತು: "ಬರ್ಲಿ!" ಚೆಂಡು ಹೋಯಿತು. ಹಿಡಿದರು.

ಆಂಡಾಳಮ್ಮ ನನ್ನ ತೋಳು ಹಿಸುಕಿದರು. ನಲವತ್ತೊಂದು ವರ್ಷದಲ್ಲಿ ಪಂದ್ಯದ ನಡುವೆ ಅವರು ಪೆನ್ನು ಕೆಳಗಿಟ್ಟದ್ದು ಅದೇ ಮೊದಲು.

ಪುಣೆಯ ಹುಡುಗಿಯರಿಗೆ ಈ ಬರ್ಲಿ ಏನೆಂದೇ ತಿಳಿಯಲಿಲ್ಲ. ನಮ್ಮ ನಾಲ್ಕು ಹುಡುಗಿಯರೂ ಅದನ್ನೇ ಕೂಗುತ್ತಿದ್ದರು, ಮುಖ ತಿರುಗಿಸಿದ ಮೇಲಷ್ಟೇ ಕೂಗುತ್ತಿದ್ದರು. ಎರಡು ಸಲ ಯಾರೂ ಕೂಗಲಿಲ್ಲ. ಆಗ ಬಿಂದು ಚೆಂಡನ್ನು ಎದೆಗೆ ಅವಚಿಕೊಂಡು ನಿಂತಳು, ಎದುರಿನವರು ಬಂದು ರಿಬ್ಬನ್ ಕಿತ್ತರು, ಹೋದರೆ ಹೋಗಲಿ ಅಂತ ಬಿಟ್ಟಳು. ಎಸೆಯದೆ ಉಳಿದದ್ದಕ್ಕೆ ಆ ಸೂತ್ರದಲ್ಲಿ ಎಲ್ಲೂ ಜಾಗವಿಲ್ಲ. ಆಂಡಾಳಮ್ಮ ಅದಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದರು.

ಕೊನೆಯ ನಿಮಿಷಕ್ಕೆ ನಮ್ಮವರು ಆಗಲೇ ಗೆದ್ದಾಗಿತ್ತು. ಮೂರು ಸಲ ಗೆರೆ ದಾಟಿದ್ದರು, ಚೆಂಡು ಒಂದೂ ಎದುರಿನವರ ಪಾಲಾಗಿರಲಿಲ್ಲ. ಈ ಪಂದ್ಯವೊಂದನ್ನೇ ಹಿಡಿದರೆ ರೇಟಿಂಗ್ ನೂರು ದಾಟಿ ಎಲ್ಲೋ ಹೋಗಿತ್ತು. ಆದರೆ ಮೊದಲ ಮೂರು ಪಂದ್ಯದ ಭಾರ ಕಾಲಿಗೆ ಕಟ್ಟಿತ್ತಲ್ಲ, ನಾಲ್ಕನ್ನೂ ಸೇರಿಸಿದರೆ ಐವತ್ತೇಳೂವರೆ. ನಾನು ಮೊಬೈಲಿನಲ್ಲಿ ಒತ್ತಿ ನೋಡಿದೆ. ಇನ್ನೊಂದು ಸಲ ಗೆರೆ ದಾಟಿದರೆ ಅರವತ್ತೊಂದು ಪಾಯಿಂಟ್ ಒಂಬತ್ತು. ಇದು ಆ ಮೈದಾನದಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಕೊನೆಯ ಎಸೆತ. ಗೆರೆಯಾಚೆ ಸಾನ್ವಿ ಒಬ್ಬಳೇ ನಿಂತಿದ್ದಳು, ಹತ್ತಿರ ಯಾರೂ ಇರಲಿಲ್ಲ. "ಬರ್ಲಿ!" ಅಂತ ಎರಡೂ ಕೈ ಚಾಚಿದಳು. ಹದಿನೈದು ಗಜ ದೂರದಿಂದ ಚೆಂಡು ಬಂತು, ಎರಡೂ ಅಂಗೈಗೆ ಬಂತು, ಜಾರಿ ನೆಲಕ್ಕೆ ಬಿತ್ತು. ಸಾನ್ವಿ ನಕ್ಕಳು, ಗೆದ್ದ ಪಂದ್ಯ ತಾನೆ. ಸೀಟಿ ಊದಿದರು. ಎಲ್ಲರೂ ಕುಣಿದರು. ಆಂಡಾಳಮ್ಮ ಮಾತ್ರ ತಲೆ ತಗ್ಗಿಸಿ ಬರೆದರು. ನೂರು ಎಸೆತ, ಐವತ್ತು ಹಿಡಿದದ್ದು. ಐವತ್ತೇಳು ಪಾಯಿಂಟ್ ಒಂದು.

ಗೌರೀಶ್ ಫಾರಂ ಹಿಡಿದು ಬಂದ, ಸಂಖ್ಯೆ ನೋಡಿದ, ಮುಖ ಸಣ್ಣಗೆ ಮಾಡಿದ. ಹಿಂದೆಯೇ ಹುಡುಗಿಯರು ಬಂದರು. ಕೊನೆಯದು ಬಿದ್ದಿರದಿದ್ದರೆ ಅಂತ ಯಾರೋ ಕೇಳಿದರು, ಆಂಡಾಳಮ್ಮ ಸುಳ್ಳು ಹೇಳಲಿಲ್ಲ. ಸಾನ್ವಿಯ ನಗು ಅಲ್ಲಿಗೇ ನಿಂತಿತು. ಬಿಂದು ಅವಳ ಹೆಗಲ ಮೇಲೆ ಕೈಹಾಕಿ, "ಪರ್ವಾಗಿಲ್ಲ ಬಿಡೇ" ಅಂದಳು.

ಸಾನ್ವಿ ಮೇಜಿನ ಹತ್ತಿರ ಬಂದಳು. "ಮಿಸ್, ನಾನು ಬರ್ಲಿ ಅಂದಿದ್ದೆ. ಅದು ಅವಳ ಹೆಸರಿಗೆ ಬೇಡ. ನನ್ ಹೆಸರಿಗೆ ಬರೀರಿ."

"ಈ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ವಲ್ಲಮ್ಮ" ಅಂದ ಗೌರೀಶ್.

ನನ್ನ ಕೈ ನನಗೇ ಗೊತ್ತಿಲ್ಲದೆ ಆಂಡಾಳಮ್ಮನ ಚೀಲಕ್ಕೆ ಹೋಯಿತು. ಸ್ಕೇಲು ತೆಗೆದು ಅವರ ಮುಂದಿಟ್ಟೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಗೆರೆ ಎಳೆಯಲು ಬಗ್ಗಿದವರು ತಡೆದು, ಬಿಂದುವಿನ ಕಡೆ ತಿರುಗಿದರು.

"ನೋಡಮ್ಮ, ಸಾನ್ವಿದು ಬರೆದ್ರೆ ನಿಂದೂ ಬರೀಬೇಕಾಗುತ್ತೆ. ಬರ್ಲಿ ಅನ್ನೋಕೆ ಮುಂಚೆ ಎಸೆದ ಹದಿನಾಲ್ಕು. ಶಿಬಿರದವರೂ ಅದನ್ನ ಓದ್ತಾರೆ. ಬರೀಲಾ, ಬೇಡ್ವಾ? ನೀನ್ ಹೇಳು."

ಬಿಂದು ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಅವಳು ಬೇಡ ಅಂದಿದ್ದರೆ ನಾನು ತಪ್ಪು ಹೇಳುತ್ತಿರಲಿಲ್ಲ.

"ಬರೀರಿ ಮಿಸ್" ಅಂದಳು. "ಆದ್ರೆ ಇವತ್ತು ಎಷ್ಟು ಅಂತಾನೂ ಬರೀರಿ."

ಇವತ್ತಿನದು ಸೊನ್ನೆ. ಇಪ್ಪತ್ತೈದು ಎಸೆತದಲ್ಲಿ ಒಂದೂ ಇಲ್ಲ. ಆಂಡಾಳಮ್ಮ ಎರಡು ಕಾಲಂ ಎಳೆದರು. ಒಂದರಲ್ಲಿ, ಹಿಡಿಯುವವಳು ನೋಡುವ ಮೊದಲೇ ಎಸೆದದ್ದು: ಮೊದಲ ಮೂರು ಪಂದ್ಯ ಹದಿನಾಲ್ಕು, ನಾಲ್ಕನೆಯದು ಸೊನ್ನೆ. ಇನ್ನೊಂದರಲ್ಲಿ, ನೋಡಿಯೂ ಕೈಬಿಟ್ಟದ್ದು: ಹಳೆಯದು ಆರು, ಇವತ್ತು ಒಂದು, ಸಾನ್ವಿ. ರೇಟಿಂಗ್ ಐವತ್ತೇಳು ಪಾಯಿಂಟ್ ಒಂದನ್ನು ಹಾಗೆಯೇ ಬಿಟ್ಟರು. ಅವರು ಸಹಿ ಮಾಡಿದರು, ಕೆಳಗೆ ನಾನು ಮಾಡಿದೆ.

ಗೌರೀಶ್ ನಿಂತುಕೊಂಡೇ ಎರಡು ಸಲ ಓದಿದ. "ಒಂದೇ ವಾರದಲ್ಲಿ ಹದಿನಾಲ್ಕರಿಂದ ಸೊನ್ನೆಗಾ?"

"ನಾಲ್ಕು ದಿನದಲ್ಲಿ" ಅಂದರು ಆಂಡಾಳಮ್ಮ. "ಬುಧವಾರ ಹೇಳಿದ್ದು."

"ಅರವತ್ತು ಅಂತ ಇಟ್ಟಿದ್ದು ನಾನೇ ಮಿಸ್. ಎಲ್ಲಿಂದ ತಂದೆ ಅಂತ ಕೇಳ್ಬೇಡಿ."

"ಕೇಳ್ತೀನಿ. ಎಲ್ಲಿಂದ ತಂದೆ?"

"ರೌಂಡ್ ಫಿಗರ್ ಅಂತ" ಅಂದ ಅವನು, ಮತ್ತೆ ಎಂಟನೇ ತರಗತಿಯ ಹುಡುಗನಾಗಿ. ಜೇಬಿನಿಂದ ಪೆನ್ನು ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಬಿಂದುವಿನ ಹೆಸರು ಬರೆದ. ಅವಳು ಅಲ್ಲೇ ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟಳು.

ಮಗಳ ಪಂದ್ಯ ನೋಡಲು ಮರಿಯಣ್ಣ ಮಂಡಿಯ ಗೂಡ್ಸ್ ಆಟೋದಲ್ಲೇ ಬಂದಿದ್ದರು. ಹಿಂಬದಿಯಲ್ಲಿ ನಾಲ್ಕಾರು ಸಿಹಿಗುಂಬಳಕಾಯಿ ಉಳಿದಿದ್ದವು. ವಿಷಯ ಕೇಳಿ, ಒಂದು ಕಾಯಿ ತೆಗೆದು ಸಾನ್ವಿಯ ಕೈಗಿಟ್ಟರು. "ಬರ್ಲಿ ಅಂದ್ಮೇಲೆ ಬಿಟ್ಯಂತಲ್ಲಮ್ಮ. ನಮ್ ಮಂಡಿ ರೂಲ್ಸು, ಮನೆಗೆ ತಗೊಂಡ್ ಹೋಗು." ಅವಳು ಅಳುತ್ತಾ ನಗುತ್ತಾ ಅದನ್ನು ತಬ್ಬಿಕೊಂಡಳು.

ನಾನು ಆಟೋದ ಹತ್ತಿರ ಹೋದೆ. "ಮರಿಯಣ್ಣ, ನನಗೂ ಒಂದು ಕೊಡಿ."

"ನಿಮ್ದೇನ್ ಬಿತ್ತು ಸಾರ್?"

"ಹನ್ನೊಂದು ಕ್ಯಾಚು" ಅಂದೆ. "ಎಂಬತ್ತನಾಲ್ಕರಲ್ಲಿ. ಅದಕ್ಕೆ ಕಾಲಂ ಇಲ್ಲ, ಬಿಡಿ ಅಂದವನು ನಾನೇ."

ಮರಿಯಣ್ಣನಿಗೆ ಏನೂ ಅರ್ಥವಾಗಲಿಲ್ಲ, ಆದರೂ ದೊಡ್ಡದೇ ಒಂದು ಆರಿಸಿ ಕೊಟ್ಟರು. ಆಂಡಾಳಮ್ಮ ಮೇಜು ಮಡಿಸುತ್ತಿದ್ದವರು ಕೈ ನಿಲ್ಲಿಸಿದರು. ನಲವತ್ತೊಂದು ವರ್ಷ ಪಕ್ಕದಲ್ಲಿ ಕೂತಿದ್ದರೂ ಅವರು ಆ ಮಾತನ್ನು ಒಂದು ಸಲವೂ ಎತ್ತಿ ಆಡಿರಲಿಲ್ಲ.

"ಯಶೋಧರಾ ಈಗ ಗವಿಪುರದಲ್ಲೇ ಇದಾಳೆ ಶೀನಣ್ಣ" ಅಂದರು ಮೆಲ್ಲಗೆ. "ಮಗಳ ಮನೇಲಿ. ನನ್ನ ನೋಟ್‌ಬುಕ್ಕು ತರ್ತೀನಿ. ನೀವು ಬರ್ತೀರಾ?"

ನಾನು ಕುಂಬಳಕಾಯಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಅವರ ಜೊತೆ ನಡೆದೆ.